ಮೊದಲ ಹನಿಗೇ ಹಸಿರಾದ ನೀರು

ಯಲಹಂಕ ನ್ಯೂಟೌನಿನ ನಮ್ಮ ಮನೆಯ ಅಕ್ವೇರಿಯಂನಲ್ಲಿ ನೆಟ್ಟಿದ್ದ ಹಸಿರುಹಾಸು ಒಂದು ಬೇಸಿಗೆ ಕಳೆಯುವುದರೊಳಗೆ ಮುಕ್ಕಾಲು ಪಾಲು ಸತ್ತುಹೋಯಿತು. ದೀಪಕ್ಕೆ ದುಡ್ಡು ಸುರಿದಿದ್ದೆ, ಮಣ್ಣಿಗೆ ಸುರಿದಿದ್ದೆ, ಬಾಟಲಿ ಗೊಬ್ಬರಕ್ಕೆ ಸುರಿದಿದ್ದೆ. ನಲ್ಲಿಯಲ್ಲಿ ಬರುವ ನೀರು ಎಂಥದ್ದು ಎಂದು ಮಾತ್ರ ಯಾರನ್ನೂ ಕೇಳಿರಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನಾನು ಎಲ್ಲಕ್ಕಿಂತ ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಅದು. ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರ, ಯಲಹಂಕದ ಫ್ಲ್ಯಾಟುಗಳಲ್ಲಿ ಮೀನಿಗಿಂತ ಗಿಡಕ್ಕಾಗಿಯೇ ಅಕ್ವೇರಿಯಂ ಇಡುವವರನ್ನು ಈಗ ಕಾಣುತ್ತೇನೆ. ನನಗೆ ಆದದ್ದನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟರೆ ಅವರಲ್ಲಿ ಕೆಲವರ ಗಿಡವಾದರೂ ಉಳಿದೀತು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ತೊಟ್ಟಿಯ ತಳದಲ್ಲಿ ಅಂಗುಲ ಎರಡಂಗುಲಕ್ಕಿಂತ ಮೇಲೇಳದೆ, ಮಣ್ಣನ್ನು ಮುಚ್ಚಿಕೊಂಡು ಹಬ್ಬುವ ಗಿಡಗಳಿಗೆ ಅಂಗಡಿಗಳಲ್ಲಿ ಕಾರ್ಪೆಟ್ ಗಿಡ ಎನ್ನುತ್ತಾರೆ. ಮಾಂಟೆ ಕಾರ್ಲೊ, ಕ್ಯೂಬಾ, ಗ್ಲಾಸೊಸ್ಟಿಗ್ಮಾ, ಎಳೆ ಎಳೆಯಾಗಿ ನಿಲ್ಲುವ ಹೇರ್‌ಗ್ರಾಸ್, ಇವು ಹೆಚ್ಚು ಮಾರಾಟವಾಗುವ ಜಾತಿಗಳು. ಗಿಡಗಳನ್ನೇ ಮುಖ್ಯ ಮಾಡಿಕೊಂಡು ಅಕ್ವೇರಿಯಂ ಕಟ್ಟುವ ಈ ಪದ್ಧತಿಯನ್ನು ಲೋಕಕ್ಕೆಲ್ಲ ಹಬ್ಬಿಸಿದವರು ಜಪಾನಿನ ನಿಗಾಟದ ಛಾಯಾಗ್ರಾಹಕ ತಕಾಶಿ ಅಮಾನೊ (1954–2015). ಅವರ ತೊಟ್ಟಿಗಳ ಚಿತ್ರಗಳಲ್ಲಿ ಹುಲ್ಲುಗಾವಲು ಗಾಜಿನಿಂದ ಗಾಜಿನವರೆಗೆ ಹಬ್ಬಿರುತ್ತದೆ, ಒಂದು ಎಲೆಯೂ ಬಾಡಿರುವುದಿಲ್ಲ. ಅದು ತಿಂಗಳುಗಟ್ಟಲೆ ಬೆಳೆಸಿ, ಕತ್ತರಿಸಿ, ಮತ್ತೆ ಬೆಳೆಸಿದ ಮೇಲೆ ತೆಗೆದ ಚಿತ್ರ. ಗಿಡ ನೆಟ್ಟ ಮರುವಾರದ ಚಿತ್ರವನ್ನು ಯಾರೂ ಗೋಡೆಗೆ ಹಾಕುವುದಿಲ್ಲ. ಆ ಮರುವಾರ ಹೇಗಿರುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ.

ಎರಡಡಿ ಉದ್ದದ, ಸುಮಾರು 60 ಲೀಟರ್ ನೀರು ಹಿಡಿಯುವ ತೊಟ್ಟಿ ತಂದೆ. ತಳಕ್ಕೆ ಅಕ್ವಾ ಸಾಯಿಲ್ ಎಂಬ ಸುಟ್ಟ ಮಣ್ಣಿನ ಗುಳಿಗೆ ಹಾಕಿದೆ. ಯಶವಂತಪುರದ ಕಡೆಯ ಒಂದು ಅಂಗಡಿಯಲ್ಲಿ ಮಾಂಟೆ ಕಾರ್ಲೊ, ಹೇರ್‌ಗ್ರಾಸ್ ಕುಂಡಗಳನ್ನು ಆರಿಸಿ ತಂದು, ಚಿಕ್ಕ ಚಿಕ್ಕ ತುಣುಕು ಮಾಡಿ, ಚಿಮುಟದಲ್ಲಿ ಹಿಡಿದು ಒಂದೊಂದೇ ನೆಟ್ಟೆ. ನಲ್ಲಿ ನೀರು ತುಂಬಿಸಿದೆ. ಹತ್ತು ದಿನವೂ ಆಗಿರಲಿಲ್ಲ, ಎಲೆಗಳು ಹಳದಿಗೆ ತಿರುಗಿದವು. ಕೆಲವು ಗಾಜಿನಂತೆ ಪಾರದರ್ಶಕವಾಗಿ ಕರಗಿ ನೀರಿನಲ್ಲಿ ತೇಲಿದವು.

ಮೊದಲ ಸಲ ಕಂಡ ಈ ಹಳದಿ ರೋಗವೇ ಆಗಿರಲಿಲ್ಲ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೊಸಬರ ಬಹುಪಾಲು ಗಾಬರಿ ಹುಟ್ಟುವುದು ಇಲ್ಲಿಯೇ. ನರ್ಸರಿಗಳು ಈ ಗಿಡಗಳನ್ನು ಹೆಚ್ಚಾಗಿ ನೀರಿನ ಮೇಲೆ ಬೆಳೆಸುತ್ತವೆ: ಬೇರು ಒದ್ದೆಯಲ್ಲಿ, ಎಲೆ ತೇವದ ಗಾಳಿಯಲ್ಲಿ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಧಾರಾಳ, ಪಾಚಿಯ ಕಾಟವಿಲ್ಲ, ಬೆಳವಣಿಗೆ ಬೇಗ. ಆದರೆ ಗಾಳಿಯಲ್ಲಿ ಹುಟ್ಟಿದ ಎಲೆಗೆ ಮೇಲೊಂದು ಮೇಣದ ಪೊರೆ ಇರುತ್ತದೆ, ಉಸಿರಾಡಲು ಪತ್ರರಂಧ್ರಗಳಿರುತ್ತವೆ. ನೀರಿನಲ್ಲಿ ಅನಿಲಗಳು ಹರಡುವ ವೇಗ ಗಾಳಿಯಲ್ಲಿರುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಗಾಳಿಗೆ ಹೊಂದಿಕೊಂಡ ಎಲೆ ನೀರಿನಲ್ಲಿ ಮುಳುಗಿದರೆ ಅದಕ್ಕೆ ಬದುಕು ಸಾಗುವುದಿಲ್ಲ. ಗಿಡ ಆ ಎಲೆಯಿಂದ ಸಿಕ್ಕಷ್ಟು ಸಾರವನ್ನು ಹಿಂದಕ್ಕೆ ಎಳೆದುಕೊಂಡು, ಅದನ್ನು ಬಿಟ್ಟುಕೊಟ್ಟು, ನೀರಿಗೆ ಒಪ್ಪುವ ತೆಳ್ಳನೆಯ ಹೊಸ ಎಲೆ ಹುಟ್ಟಿಸುತ್ತದೆ.

ನಮ್ಮ ಕೆರೆಗಳ ಅಂಚಿನಲ್ಲಿ ಇದು ಪ್ರತಿವರ್ಷವೂ ನಡೆಯುತ್ತದೆ. ಮಳೆಗಾಲದಲ್ಲಿ ಮುಳುಗಿ, ಬೇಸಿಗೆಯಲ್ಲಿ ಕೆರೆಯಂಗಳದ ಹಸಿ ಮಣ್ಣಿನ ಮೇಲೆ ಹಬ್ಬಿ ಬದುಕುವ ಸಣ್ಣ ಗಿಡಗಳು ಎಷ್ಟೋ ಇವೆ. ಅಂಗಡಿಯಲ್ಲಿ ಬೆಲೆ ಕೊಟ್ಟು ಕೊಳ್ಳುವ ಗ್ಲಾಸೊಸ್ಟಿಗ್ಮಾದ ಹತ್ತಿರದ ಬಳಗವಾದ ಗ್ಲಾಸೊಸ್ಟಿಗ್ಮಾ ಡಯಾಂಡ್ರಮ್ ಕರ್ನಾಟಕದ ಒದ್ದೆ ನೆಲದಲ್ಲಿ ತಾನಾಗಿಯೇ ಬೆಳೆಯುತ್ತದೆ. ಕಾಲಿಗೆ ಸಿಕ್ಕಿದರೂ ಯಾರೂ ಗಮನಿಸದಷ್ಟು ಸಣ್ಣದು. ನೀರು ಏರಿದಾಗ ಒಂದು ಬಗೆಯ ಎಲೆ, ಇಳಿದಾಗ ಇನ್ನೊಂದು ಬಗೆ. ಇದು ತಿಳಿದಿದ್ದರೆ ನಾನು ಸತ್ತ ಎಲೆಗಳನ್ನು ಕತ್ತರಿಸಿ ತೆಗೆದು, ಹೊಸ ಚಿಗುರಿಗಾಗಿ ಸುಮ್ಮನೆ ಕಾಯುತ್ತಿದ್ದೆ.

ನಾನು ಕಾಯಲಿಲ್ಲ. ಎಲೆ ಹಳದಿಯಾದರೆ ಕಬ್ಬಿಣದ ಕೊರತೆ ಎಂದು ಎಲ್ಲೋ ಓದಿದ್ದ ನೆನಪು. ದ್ರವರೂಪದ ಕಬ್ಬಿಣ ತಂದು, ಬಾಟಲಿಯ ಮೇಲೆ ಹೇಳಿದ ಎರಡರಷ್ಟು ಹಾಕಿದೆ. ಗಿಡಕ್ಕೆ ಬಿಸಿಲು ಸಾಲದೇನೋ ಎಂದು ಆರು ಗಂಟೆ ಉರಿಯುತ್ತಿದ್ದ ದೀಪವನ್ನು ಹತ್ತು ಗಂಟೆ ಉರಿಸಿದೆ. ಸಕ್ಕರೆ ಮತ್ತು ಯೀಸ್ಟ್ ಹಾಕಿದ ಬಾಟಲಿಯಿಂದ ಇಂಗಾಲದ ಡೈಆಕ್ಸೈಡ್ ಬಿಟ್ಟೆ. ಅದು ಸೆಕೆಯ ಮಧ್ಯಾಹ್ನ ಗುಳುಗುಳು ಬಂದು ರಾತ್ರಿಯ ತಂಪಿಗೆ ಸುಮ್ಮನಾಗುತ್ತಿತ್ತು. ಒಂದೇ ವಾರದಲ್ಲಿ ಮೂರು ಬದಲಾವಣೆ. ಇವುಗಳಲ್ಲಿ ಯಾವುದರಿಂದ ಏನಾಯಿತು ಎಂದು ಹೇಳಲು ಆಮೇಲೆ ದಾರಿಯೇ ಉಳಿಯಲಿಲ್ಲ. ಒಂದು ಪ್ರಯೋಗದಲ್ಲಿ ಒಂದೇ ಅಂಶವನ್ನು ಬದಲಿಸಬೇಕು ಎಂದು ಎಂಟನೆಯ ತರಗತಿಯ ಮಕ್ಕಳಿಗೆ ಹೇಳಿಕೊಡುವವಳು ನಾನೇ. ಬಾಡಿದ ಗಿಡಕ್ಕೆ ಬೆಳಕು ಬಳಸಿಕೊಳ್ಳುವ ತ್ರಾಣವಿರಲಿಲ್ಲ. ಹೆಚ್ಚಾದ ಬೆಳಕನ್ನೆಲ್ಲ ಪಾಚಿ ತೆಗೆದುಕೊಂಡಿತು. ಮೊದಲು ಕಂದು ಬಣ್ಣದ ಲೋಳೆ, ಆಮೇಲೆ ಹಸಿರು ನೂಲಿನ ಪಾಚಿ ಬಂದು ಮಾಂಟೆ ಕಾರ್ಲೊದ ಮೇಲೆ ಬಲೆ ಹೆಣೆಯಿತು.

ಇದೇ ಹೊತ್ತಿನಲ್ಲಿ ನಾನು ಮಾಡಿದ ಇನ್ನೊಂದು ಕೆಲಸ ಇವತ್ತಿಗೂ ಮನಸ್ಸನ್ನು ಚುಚ್ಚುತ್ತದೆ. ತೊಟ್ಟಿ ಬರಿದಾಗಿ ಕಾಣುತ್ತದೆಂದು ಪುಟ್ಟ ರಾಸ್ಬೋರಾ ಮೀನುಗಳನ್ನು ತಂದು ಬಿಟ್ಟೆ. ಅಕ್ವಾ ಸಾಯಿಲ್ ಹೊಸದಾಗಿದ್ದಾಗ ಮೊದಲ ಕೆಲವು ವಾರ ನೀರಿಗೆ ಅಮೋನಿಯಾ ಬಿಡುತ್ತದೆ. ಅದನ್ನು ನೈಟ್ರೈಟ್ ಆಗಿ, ನೈಟ್ರೇಟ್ ಆಗಿ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯಾಗುವ ತನಕ ಮೀನು ಬಿಡಬಾರದು. ಅದಕ್ಕಿಂತ ಮುಖ್ಯವಾಗಿ, ನೀರಿನ ಪಿಎಚ್ 7 ಇದ್ದಾಗ ಅಮೋನಿಯಾದಲ್ಲಿ ಎಷ್ಟು ಪಾಲು ವಿಷರೂಪದಲ್ಲಿರುತ್ತದೋ, ಪಿಎಚ್ 8 ಆದಾಗ ಅದರ ಸುಮಾರು ಹತ್ತು ಪಟ್ಟು ವಿಷರೂಪಕ್ಕೆ ಬರುತ್ತದೆ. ನಮ್ಮ ನಲ್ಲಿ ನೀರಿನ ಪಿಎಚ್ 8ರ ಹತ್ತಿರ ಇತ್ತು. ಮೀನುಗಳು ಮೇಲೆ ಬಂದು ಬಾಯಿ ಬಿಟ್ಟು ಉಸಿರಿಗಾಗಿ ಒದ್ದಾಡಿದವು. ಅರ್ಧಕ್ಕಿಂತ ಹೆಚ್ಚು ಸತ್ತವು. ಉಳಿದವನ್ನು ಹಳೆಯ ತೊಟ್ಟಿ ಇದ್ದ ಗೆಳತಿಯ ಮನೆಗೆ ಸಾಗಿಸಿದೆ. ಗಿಡ ಸತ್ತರೆ ಮತ್ತೆ ನೆಡಬಹುದು. ನನ್ನ ಅವಸರಕ್ಕೆ ಜೀವಗಳು ಹೋದದ್ದನ್ನು ಸರಿಮಾಡಲು ಏನೂ ಇಲ್ಲ.

ಅಷ್ಟಾದ ಮೇಲೆ ನೀರಿನ ಮೇಲೆ ಅನುಮಾನ ಬಂತು. ಆದರೆ ಆ ಅನುಮಾನ ಸರಿಯಾದ ದಾರಿ ಹಿಡಿಯಲಿಲ್ಲ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ, ಅಳೆಯುವ ಪೆನ್ನನ್ನು ಬೋರ್‌ವೆಲ್‌ನಿಂದ ಬರುವ ನಮ್ಮ ನಲ್ಲಿ ನೀರಿಗೆ ಅದ್ದಿದರೆ ಸಾವಿರದ ಹತ್ತಿರ ತೋರಿಸಿತು. ನೀರು ಗಡಸು, ಖನಿಜ ಜಾಸ್ತಿ, ಅದೇ ಗಿಡವನ್ನು ಸುಡುತ್ತಿದೆ ಎಂದು ತೀರ್ಮಾನ ಮಾಡಿಬಿಟ್ಟೆ. ನಮ್ಮ ಬಡಾವಣೆಯ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ 20 ಲೀಟರಿನ ಕ್ಯಾನುಗಳಲ್ಲಿ ಆರ್‌ಒ ನೀರು ಹಿಡಿದು ತಂದು, ಕೆಲವು ದಿನಗಳ ಅಂತರದಲ್ಲಿ ತೊಟ್ಟಿಯ ನೀರನ್ನೆಲ್ಲ ಬದಲಿಸಿದೆ. ಪೆನ್ನು ಈಗ ಮೂವತ್ತು ನಲವತ್ತು ತೋರಿಸಿತು. ಗೆದ್ದೆ ಎಂದುಕೊಂಡೆ.

ಗಿಡ ಇನ್ನೂ ಕೆಟ್ಟಿತು. ಅಷ್ಟರಲ್ಲಿ ನೀರೊಳಗೇ ಹುಟ್ಟಿದ್ದ ಕೆಲವು ಎಲೆಗಳಿದ್ದವು, ಅವು ಪೂರ್ತಿ ಹೊಸವು. ಅವೂ ಹಳದಿಯಾದವು. ಮೇಲಾಗಿ ಈಗ ತುದಿಯ ಚಿಗುರು ಸೊಟ್ಟಗಾಗಿ, ಮುದುರಿ, ಗಂಟು ಕಟ್ಟಿದ ಹಾಗೆ ನಿಂತುಬಿಟ್ಟಿತು. ಇದು ಎರಡನೆಯ ಹಳದಿ. ಇದೇ ನಿಜವಾದ ರೋಗ. ಮೊದಲನೆಯದಕ್ಕೂ ಇದಕ್ಕೂ ಸಂಬಂಧವಿರಲಿಲ್ಲ, ಆದರೆ ನನ್ನ ಕಣ್ಣಿಗೆ ಎರಡೂ ಒಂದೇ ಆಗಿ ಕಂಡಿತ್ತು.

ದಾರಿ ತೋರಿಸಿದವರು ಅಕ್ವೇರಿಯಂ ಅನ್ನು ಜೀವಮಾನದಲ್ಲೇ ಇಟ್ಟವರಲ್ಲ. ದೊಡ್ಡಬಳ್ಳಾಪುರದ ಕಡೆ ದ್ರಾಕ್ಷಿ ಬೆಳೆಯುವ ನಮ್ಮ ಸೋದರಮಾವ ಆಸ್ಪತ್ರೆ ಕೆಲಸಕ್ಕೆಂದು ಹೆಬ್ಬಾಳಕ್ಕೆ ಬಂದವರು ರಾತ್ರಿ ನಮ್ಮಲ್ಲಿ ಉಳಿದರು. ಬೆಂಗಳೂರು ಬ್ಲೂ ದ್ರಾಕ್ಷಿಗೆ ಹೆಸರಾದ ಸೀಮೆ ಅದು. ಎಲೆಯ ಬಣ್ಣ ನೋಡಿ ಗೊಬ್ಬರ ನಿರ್ಧರಿಸುವುದು ಅವರಿಗೆ ಹುಟ್ಟಿನಿಂದ ಬಂದ ವಿದ್ಯೆ. ಕನ್ನಡಕ ಏರಿಸಿಕೊಂಡು ಗಾಜಿನ ಹತ್ತಿರ ಕೂತರು.

"ಹಳ್ದಿ ಮೊದ್ಲು ಎಲ್ಲಿ ಬಂತಮ್ಮಾ? ಚಿಗುರಿಗೋ, ಕೆಳಗಿನ ಎಲೆಗೋ?"

"ಎಲ್ಲದಕ್ಕೂ ಬಂದಿದೆ ಮಾವ."

"ಎಲ್ಲದಕ್ಕೂ ಒಂದೇ ದಿನ ಬರಲ್ಲ. ಮೊದ್ಲು ಎಲ್ಲಿ ಬಂತು ಅಂತ ಕೇಳ್ತಿದೀನಿ."

ನನ್ನ ಬಳಿ ಉತ್ತರವಿರಲಿಲ್ಲ. ಇಷ್ಟು ದಿನ ದಿನಕ್ಕೆ ಹತ್ತು ಸಲ ಆ ತೊಟ್ಟಿಯ ಮುಂದೆ ಕೂತಿದ್ದೇನೆ, ಯಾವ ಎಲೆ ಎಂದು ನೋಡಿರಲಿಲ್ಲ. ಶಾಲೆಯ ಲ್ಯಾಬಿನಿಂದ ಮಕ್ಕಳ ಪ್ರಯೋಗಕ್ಕೆಂದು ತಂದಿದ್ದ ಭೂತಗನ್ನಡಿ ಮನೆಯಲ್ಲೇ ಇತ್ತು. ಒಂದು ಕಾಂಡವನ್ನು ಕಿತ್ತು ಬಿಳಿಯ ತಟ್ಟೆಯಲ್ಲಿಟ್ಟು ನೋಡಿದೆವು. ಮಾಂಟೆ ಕಾರ್ಲೊದ ಎಲೆ ಸಾಸಿವೆಗಿಂತ ಸ್ವಲ್ಪ ದೊಡ್ಡದು, ಬರಿಗಣ್ಣಿಗೆ ನರ ಕಾಣುವುದಿಲ್ಲ. ಕನ್ನಡಿಯಡಿ ಕಂಡಿತು: ಕೆಳಗಿನ ಬಲಿತ ಎಲೆಗಳಲ್ಲಿ ನರ ಹಸಿರಾಗಿಯೇ ಇದೆ, ನರಗಳ ನಡುವೆ ಹಳದಿ. ತುದಿಯ ಚಿಗುರಿನ ಬಣ್ಣ ಹಸಿರೇ, ಆಕಾರ ಮಾತ್ರ ಸೊಟ್ಟ.

"ಮನೇಲಿ ಊಟ ಕಮ್ಮಿ ಆದ್ರೆ ದೊಡ್ಡೋರು ಬಿಟ್ಟು ಮಕ್ಕಳಿಗೆ ಇಕ್ಕಲ್ವಾ, ಗಿಡಾನೂ ಅದೇ ಮಾಡೋದು," ಎಂದರು ಮಾವ. "ಹಳೇ ಎಲೆಯಿಂದ ಕಿತ್ತು ಚಿಗುರಿಗೆ ಕೊಡ್ತದೆ. ನಮ್ಮ ತೋಟದಲ್ಲಿ ಹಿಂಗೆ ಕಂಡ್ರೆ ಮೆಗ್ನೀಶಿಯಂ ಹೊಡೀತೀವಿ."

ಅವರು ಹೇಳಿದ್ದು ಸಸ್ಯಶಾಸ್ತ್ರದ ಗಟ್ಟಿ ಸತ್ಯ. ಸಾರಜನಕ, ಪೊಟ್ಯಾಶಿಯಂ, ಮೆಗ್ನೀಶಿಯಂ ಇವು ಗಿಡದೊಳಗೆ ಓಡಾಡಬಲ್ಲವು. ಕೊರತೆಯಾದರೆ ಹಳೆಯ ಎಲೆಯಿಂದ ಹೊಸದಕ್ಕೆ ಸಾಗುತ್ತವೆ, ಹಾಗಾಗಿ ಹಳದಿ ಮೊದಲು ಹಳೆಯ ಎಲೆಯಲ್ಲಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಮ್ಮೆ ಎಲೆಯಲ್ಲಿ ನೆಲೆಸಿದರೆ ಕದಲುವುದಿಲ್ಲ; ಕೊರತೆ ಮೊದಲು ಕಾಣುವುದು ಚಿಗುರಿನಲ್ಲಿ. ಕಬ್ಬಿಣ ಕಡಿಮೆಯಾದರೆ ಚಿಗುರು ಬಿಳಿಚುತ್ತದೆ, ಕ್ಯಾಲ್ಸಿಯಂ ಕಡಿಮೆಯಾದರೆ ಚಿಗುರು ತಿರುಚಿಕೊಳ್ಳುತ್ತದೆ. ನನ್ನ ಗಿಡದ ಹಳೆಯ ಎಲೆ ಮೆಗ್ನೀಶಿಯಂ ಇಲ್ಲ ಎನ್ನುತ್ತಿತ್ತು, ಚಿಗುರು ಕ್ಯಾಲ್ಸಿಯಂ ಇಲ್ಲ ಎನ್ನುತ್ತಿತ್ತು. ನಾನು ಸುರಿಯುತ್ತಿದ್ದುದು ಕಬ್ಬಿಣ. ಪತ್ರಹರಿತ್ತಿನ ಅಣುವಿನ ನಟ್ಟನಡುವೆ ಒಂದು ಮೆಗ್ನೀಶಿಯಂ ಪರಮಾಣು ಇದೆ ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದಿದ್ದೇನೆ. ಪತ್ರಹರಿತ್ತಿನ ಮೇಲಿನ ಸಂಶೋಧನೆಗಾಗಿ ರಿಚರ್ಡ್ ವಿಲ್‌ಸ್ಟೇಟರ್‌ಗೆ 1915ರ ನೊಬೆಲ್ ಬಂತು ಎಂದೂ ಹೇಳಿದ್ದೇನೆ. ಆ ಪಾಠ ನನ್ನ ಬೋರ್ಡಿನಿಂದ ಇಳಿದು ನನ್ನ ಮನೆಯ ತೊಟ್ಟಿಗೆ ಬಂದಿರಲಿಲ್ಲ. ಆ ರಾತ್ರಿ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ.

ಆರ್‌ಒ ನೀರಿನಲ್ಲಿ ಖನಿಜವಿಲ್ಲ, ಸರಿ. ಆದರೆ ಮೊದಲು ಹಾಕಿದ್ದ, ಪೆನ್ನಿನಲ್ಲಿ ಸಾವಿರ ತೋರಿಸಿದ ನಲ್ಲಿ ನೀರಿನಲ್ಲಿ ಮೆಗ್ನೀಶಿಯಂ ಕೊರತೆ ಹೇಗೆ ಬಂತು? ಗಡಸುತನವನ್ನೇ ಅಳೆಯುವ ಹನಿ ಪರೀಕ್ಷೆಯ ಕಿಟ್ ತರಿಸಿದೆ. 5 ಮಿಲಿಲೀಟರ್ ನೀರಿಗೆ ಒಂದೊಂದೇ ಹನಿ ಹಾಕುತ್ತಾ ಹೋಗಬೇಕು. ಗಡಸು ನೀರಾದರೆ ಕಿತ್ತಳೆ ಬಣ್ಣವಿದ್ದು, ಲೆಕ್ಕ ಮುಗಿದಾಗ ಹಸಿರಾಗುತ್ತದೆ. ಒಂದು ಹನಿ ಎಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ ಗಡಸುತನ. ನಲ್ಲಿ ನೀರು ಹಿಡಿದು ಮೊದಲ ಹನಿ ಹಾಕಿದೆ. ಹಸಿರಾಯಿತು. ಕಿಟ್ ಕೆಟ್ಟಿದೆಯೆಂದು ಮತ್ತೆ ಮಾಡಿದೆ. ಮತ್ತೆ ಮೊದಲ ಹನಿಗೇ ಹಸಿರು. ಸಾವಿರ ಟಿಡಿಎಸ್‌ನ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ಇಲ್ಲ, ಮೆಗ್ನೀಶಿಯಂ ಇಲ್ಲ.

ಕೆಳಗಿಳಿದು ನಮ್ಮ ಕಟ್ಟಡಕ್ಕೆ ನೀರು ಬಿಡುವವರನ್ನು ಕೇಳಿದೆ.

"ಅಣ್ಣಾ, ನಮ್ಮ ನೀರಿಗೆ ಏನಾದ್ರೂ ಹಾಕ್ತೀರಾ?"

"ನೀರಿಗೆ ಏನೂ ಹಾಕಲ್ಲ ಟೀಚರ್. ಸಾಫ್ಟ್‌ನರಿಗೆ ಉಪ್ಪು ಹಾಕ್ತೀವಿ, ಅಷ್ಟೇ. ಅಲ್ಲಿ ಮೂಟೆ ಇದೆ ನೋಡಿ."

ಪಂಪ್‌ಹೌಸಿನ ಮೂಲೆಯಲ್ಲಿ ಉಪ್ಪಿನ ಮೂಟೆಗಳು ಒಂದರ ಮೇಲೊಂದು ಇದ್ದವು. ವರ್ಷಗಳಿಂದ ಆ ಬಾಗಿಲ ಮುಂದೆಯೇ ಸ್ಕೂಟರ್ ನಿಲ್ಲಿಸುತ್ತಿದ್ದೆ.

ಸಾಫ್ಟ್‌ನರ್ ಮಾಡುವುದು ಶುದ್ಧೀಕರಣವಲ್ಲ, ಅದಲುಬದಲು. ಅದರೊಳಗಿನ ರಾಳದ ಮಣಿಗಳು ನೀರಿನ ಕ್ಯಾಲ್ಸಿಯಂ, ಮೆಗ್ನೀಶಿಯಂಗಳನ್ನು ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಟ್ಟುಕೊಡುತ್ತವೆ. ಮಣಿಗಳಲ್ಲಿ ಸೋಡಿಯಂ ಖಾಲಿಯಾದಾಗ ಉಪ್ಪು ನೀರು ಹಾಯಿಸಿ ಮತ್ತೆ ತುಂಬುತ್ತಾರೆ. ಪ್ರತಿ 100 ಮಿಲಿಗ್ರಾಂ ಗಡಸುತನ ತೆಗೆದಾಗ ನೀರಿಗೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಕಟ್ಟಡದ ತೋಟದ ನಲ್ಲಿಗೆ ಸಾಫ್ಟ್‌ನರ್ ಸಂಪರ್ಕ ಇರಲಿಲ್ಲ. ಅಲ್ಲಿನ ನೀರನ್ನು ಅಳೆದಾಗ ಗಡಸುತನ 500ರ ಸುಮಾರು ಬಂತು. ಅಂದರೆ ಮನೆಯ ನಲ್ಲಿಯಲ್ಲಿ ಬರುತ್ತಿದ್ದ ಪ್ರತಿ ಲೀಟರಿನಲ್ಲೂ ಹೊಸದಾಗಿ ಸೇರಿದ ಸೋಡಿಯಂ 230 ಮಿಲಿಗ್ರಾಂ. ಟಿಡಿಎಸ್ ಪೆನ್ನು ಅಳೆಯುವುದು ವಿದ್ಯುತ್ ಹರಿಯುವಿಕೆಯನ್ನು ಮಾತ್ರ. ಕರಗಿರುವುದು ಸೋಡಿಯಮ್ಮೋ ಮೆಗ್ನೀಶಿಯಮ್ಮೋ ಅದಕ್ಕೆ ಗೊತ್ತಾಗುವುದಿಲ್ಲ. ಸಾಫ್ಟ್‌ನರಿನಿಂದ ಟಿಡಿಎಸ್ ಇಳಿಯುವುದೂ ಇಲ್ಲ. ಸ್ನಾನದ ಮನೆಯಲ್ಲಿ ಸೋಪು ಹಾಕಿದರೆ ಮೈ ಜಾರುತ್ತಿತ್ತು, ನೊರೆ ಹೋಗುತ್ತಿರಲಿಲ್ಲ, ಬಕೆಟ್ಟಿಗೆ ಬಿಳಿಯ ಕರೆ ಕಟ್ಟುತ್ತಿರಲಿಲ್ಲ. ಟಿಡಿಎಸ್ ಸಾವಿರ ಇರುವ ಬೋರ್ ನೀರಿನಲ್ಲಿ ಇದು ಸಹಜವಲ್ಲ ಎಂದು ಯೋಚಿಸಿದ್ದರೆ ಅಲ್ಲೇ ಉತ್ತರ ಸಿಗುತ್ತಿತ್ತು.

ಉಳಿದ ಗಂಟುಗಳೂ ಇಲ್ಲಿಂದಲೇ ಬಿಚ್ಚಿಕೊಂಡವು. ಸಾಫ್ಟ್‌ನರ್ ಗಡಸುತನ ತೆಗೆದರೂ ಬೈಕಾರ್ಬೊನೇಟಿನ ಕ್ಷಾರಗುಣವನ್ನು ಮುಟ್ಟುವುದಿಲ್ಲ. ಪಿಎಚ್ ಮೇಲೆಯೇ ನಿಂತಿತ್ತು, ಅದಕ್ಕೇ ಅಮೋನಿಯಾ ಅಷ್ಟು ವಿಷವಾದದ್ದು. ನಾನು ಸುರಿದ ಕಬ್ಬಿಣ ಇಡಿಟಿಎ ಎಂಬ ರಾಸಾಯನಿಕದ ಜೊತೆ ಕಟ್ಟಿದ ಬಗೆಯದು. ಪಿಎಚ್ ಏರಿದಷ್ಟೂ ಆ ಕಟ್ಟು ಬಿಡುತ್ತದೆ, ಕಬ್ಬಿಣ ಗಿಡಕ್ಕೆ ಸಿಗದೆ ಕೆಳಗೆ ಕೂರುತ್ತದೆ. ಆಮೇಲೆ ಬರೀ ಆರ್‌ಒ ನೀರು ಹಾಕಿದಾಗ ಸೋಡಿಯಂ ಹೋಯಿತು, ಆದರೆ ಇಲ್ಲದಿದ್ದ ಎರಡು ಖನಿಜಗಳು ಇಲ್ಲದೆಯೇ ಉಳಿದವು. ಅಕ್ವಾ ಸಾಯಿಲ್ ತಾನೂ ಕ್ಯಾಲ್ಸಿಯಂ, ಮೆಗ್ನೀಶಿಯಂಗಳನ್ನು ಹಿಡಿದಿಟ್ಟುಕೊಳ್ಳುವ ಗುಣದ್ದು. ಹೀಗೆ ಎರಡು ಬೇರೆ ಬೇರೆ ನೀರು ಬದಲಿಸಿಯೂ ಗಿಡವನ್ನು ಒಂದೇ ಉಪವಾಸದಲ್ಲಿ ಇಟ್ಟಿದ್ದೆ. ಬಾಲ್ಕನಿಯ ತುಳಸಿ ಕುಂಡದ ಮಣ್ಣು ಗಟ್ಟಿಯಾಗಿ ನೀರು ಇಳಿಯದಂತಾಗಿದ್ದೂ ನನಗೆ ಆಗ ಅರ್ಥವಾಯಿತು. ಸೋಡಿಯಂ ಹೆಚ್ಚಾದ ನೀರು ಮಣ್ಣಿನ ಕಣಗಳ ಜೋಡಣೆಯನ್ನೇ ಕೆಡಿಸುತ್ತದೆ. ಫ್ಲ್ಯಾಟಿನಲ್ಲಿ ಕುಂಡ ಇಟ್ಟವರೆಲ್ಲ ಇದನ್ನು ಗಮನಿಸಬೇಕು. ಅಕ್ವೇರಿಯಂ ಇಲ್ಲದವರಿಗೂ ಈ ಮಾತು ಸೇರುತ್ತದೆ.

ಸರಿಪಡಿಸುವ ಕೆಲಸ ದೊಡ್ಡದಿರಲಿಲ್ಲ. ತೋಟದ ನಲ್ಲಿಯ ನೀರು ಒಂದು ಪಾಲು, ಆರ್‌ಒ ನೀರು ನಾಲ್ಕು ಪಾಲು ಬೆರೆಸಿದರೆ ಗಡಸುತನ ಲೀಟರಿಗೆ 100 ಮಿಲಿಗ್ರಾಂ ಆಸುಪಾಸಿಗೆ ಬರುತ್ತದೆ. ಕಾರ್ಪೆಟ್ ಗಿಡಗಳಿಗೆ ಅದು ಸಾಕು. ಮಾವ ತಮ್ಮ ಊರಿನ ಗೊಬ್ಬರದ ಅಂಗಡಿಯಿಂದ ಮೆಗ್ನೀಶಿಯಂ ಸಲ್ಫೇಟ್ ಕಳಿಸಿಕೊಟ್ಟರು. ಎಪ್ಸಮ್ ಉಪ್ಪು ಎಂದರೂ ಅದೇ. 60 ಲೀಟರಿಗೆ 3 ಗ್ರಾಂ ಹಾಕಿದರೆ ಲೀಟರಿಗೆ 5 ಮಿಲಿಗ್ರಾಂ ಮೆಗ್ನೀಶಿಯಂ ಸೇರುತ್ತದೆ. ದೀಪ ಮತ್ತೆ ಆರು ಗಂಟೆಗೆ ಇಳಿಯಿತು. ಕಬ್ಬಿಣ ನಿಲ್ಲಿಸಿದೆ. ಯೀಸ್ಟ್ ಬಾಟಲಿ ತೆಗೆದಿಟ್ಟೆ; ಏರಿಳಿಯುವ ಇಂಗಾಲದ ಡೈಆಕ್ಸೈಡಿಗಿಂತ, ಇಲ್ಲದಿರುವುದೇ ಮಾಂಟೆ ಕಾರ್ಲೊಗೆ ಮೇಲು, ಬೆಳವಣಿಗೆ ನಿಧಾನವಾದರೂ ಸರಿ. ಇವನ್ನೂ ಒಮ್ಮೆಲೇ ಮಾಡಲಿಲ್ಲ. ಮೊದಲು ನೀರು. ಚಿಗುರು ನೇರವಾದ ಮೇಲೆ ಮಿಕ್ಕದ್ದು.

ಹಳದಿಯಾದ ಎಲೆಗಳು ಮತ್ತೆ ಹಸಿರಾಗಲಿಲ್ಲ. ಇದನ್ನು ಮುಂಚೆಯೇ ತಿಳಿದುಕೊಂಡಿರುವುದು ಒಳ್ಳೆಯದು, ಇಲ್ಲದಿದ್ದರೆ ಮದ್ದು ನಾಟಲಿಲ್ಲ ಎಂದು ಮತ್ತೆ ಕೈ ಹಾಕುತ್ತೇವೆ. ಅವನ್ನು ಕತ್ತರಿಸಿ ತೆಗೆದೆ. ಹೇರ್‌ಗ್ರಾಸ್ ಬೇಗ ಚೇತರಿಸಿಕೊಂಡಿತು. ಮಾಂಟೆ ಕಾರ್ಲೊ ಒಂದು ಮೂಲೆಯಲ್ಲಿ ಬೇರು ಹಿಡಿದಿದ್ದಷ್ಟೇ ಉಳಿಯಿತು, ಉಳಿದ ಜಾಗವೆಲ್ಲ ಬರಿ ಮಣ್ಣು. ಆ ಮೂಲೆಯಿಂದಲೇ ಕಾಂಡ ನೆಲ ಹಿಡಿದು ಹಬ್ಬುತ್ತಾ ಮುಂಗಾರು ಮುಗಿಯುವ ಹೊತ್ತಿಗೆ ಅರ್ಧ ತೊಟ್ಟಿ ತುಂಬಿತು. ಅಮಾನೊ ಚಿತ್ರದ ಹುಲ್ಲುಗಾವಲು ಅದಲ್ಲ. ಆದರೆ ಅದರ ಒಂದೊಂದು ಎಲೆಯೂ ನೀರಿನೊಳಗೇ ಹುಟ್ಟಿದ್ದು. ಮೀನು ಬಿಡುವ ಮುಂಚೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬರುವ ತನಕ ಕಾದೆ.

ಬೆಂಗಳೂರಿನ ಉತ್ತರ ಭಾಗದಲ್ಲಿ ಇರುವವರಿಗೆ ಈ ನೀರಿನ ಮಾತು ಬೇರೆಯವರಿಗಿಂತ ಹೆಚ್ಚು ಬೇಕು. ಒಂದೇ ಮನೆಯ ನಲ್ಲಿಯಲ್ಲಿ ಒಂದು ತಿಂಗಳು ಬೋರ್ ನೀರು, ಇನ್ನೊಂದು ತಿಂಗಳು ಟ್ಯಾಂಕರ್ ನೀರು, ಮತ್ತೊಮ್ಮೆ ಕಾವೇರಿ ಬರುತ್ತದೆ. ಕಲ್ಲಿನ ಬಿರುಕುಗಳಲ್ಲಿ ನಿಂತು ಮೇಲೆ ಬರುವ ಬೋರ್ ನೀರು ಗಡಸು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯಿಲ್ಲದಿದ್ದರೆ 600ರ ತನಕ ಒಪ್ಪಬಹುದು. ಕಾವೇರಿ ನೀರು ಬೋರ್ ನೀರಿಗಿಂತ ಎಷ್ಟೋ ಮೆದು. 2024ರ ಅಕ್ಟೋಬರ್ 16ರಂದು ತೊರೆಕಾಡನಹಳ್ಳಿಯಲ್ಲಿ ಕಾವೇರಿ 5ನೇ ಹಂತ ಉದ್ಘಾಟನೆಯಾಯಿತು. ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಯೋಜನೆ ಅದು. ಆ ಸಂಪರ್ಕ ಬಂದ ಕಟ್ಟಡದಲ್ಲಿ ನೀರಿನ ಗುಣವೇ ಬದಲಾಗುತ್ತದೆ. ಮನೆಯವರಿಗೆ ಅದು ಸಂತೋಷದ ಸುದ್ದಿ. ಅಕ್ವೇರಿಯಂ ಇಟ್ಟವರು ಆ ವಾರ ಮತ್ತೆ ಅಳೆಯಬೇಕು. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ನೇರವಾಗಿ ತೊಟ್ಟಿಗೆ ಸುರಿಯಲೂ ಬಾರದು.

ನಮ್ಮ ಸುತ್ತಲೇ ಕೇಳಿ ತಿಳಿಯಬಹುದಾದ ಜಾಗಗಳಿವೆ. ಹೆಬ್ಬಾಳದ ಆಚೆ ಜಿಕೆವಿಕೆಯಲ್ಲಿ ಕೃಷಿ ವಿಶ್ವವಿದ್ಯಾಲಯ ಮಣ್ಣು, ನೀರು ಪರೀಕ್ಷೆ ಮಾಡುತ್ತದೆ. ಹೆಸರಘಟ್ಟದಲ್ಲಿ ತೋಟಗಾರಿಕೆ ಸಂಶೋಧನಾ ಸಂಸ್ಥೆಯಿದೆ, ಪಶುವೈದ್ಯಕೀಯ ಮತ್ತು ಮೀನುಗಾರಿಕೆ ವಿಶ್ವವಿದ್ಯಾಲಯದ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರವೂ ಇದೆ. ಎಲೆಯ ಹಳದಿಯನ್ನು ಓದುವ ವಿದ್ಯೆ ಹೊಲದಲ್ಲೂ ತೊಟ್ಟಿಯಲ್ಲೂ ಒಂದೇ. ಮಕ್ಕಳನ್ನು ಜಿಕೆವಿಕೆಯ ನವೆಂಬರಿನ ಕೃಷಿ ಮೇಳಕ್ಕೆ ಕರೆದುಕೊಂಡು ಹೋದರೆ ಬಾಟಲಿಯ ಚೀಟಿ ಓದುವುದಕ್ಕಿಂತ ಹೆಚ್ಚು ಕಲಿಯುತ್ತಾರೆ ಎಂದು ನಾನು ನಂಬುತ್ತೇನೆ.

ಕತ್ತರಿಸಿದ ಗಿಡದ ವಿಚಾರವನ್ನೂ ಹೇಳಿಬಿಡುತ್ತೇನೆ. ಜಕ್ಕೂರು, ರಾಚೇನಹಳ್ಳಿ, ಯಲಹಂಕದ ಕೆರೆಗಳು ಹತ್ತಿರವಿವೆಯೆಂದು ತುಣುಕುಗಳನ್ನು, ಬೇಡವಾದ ಮೀನುಗಳನ್ನು ಅಲ್ಲಿಗೆ ಹಾಕಬೇಡಿ. ಹೊರಗಿನಿಂದ ಬಂದ ನೀರ್ಗಿಡ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ಕೆರೆಗಳಲ್ಲಿ ಹಬ್ಬಿರುವ ಅಂತರಗಂಗೆಯೇ ಸಾಕ್ಷಿ. ತುಣುಕುಗಳನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಕುಂಡದ ಗೊಬ್ಬರಕ್ಕೆ ಸೇರಿಸಿ.

ನಿಮ್ಮ ತೊಟ್ಟಿಯಲ್ಲಿ ಗಿಡ ಈಗ ಹಳದಿಯಾಗುತ್ತಿದ್ದರೆ ಇವತ್ತು ಏನನ್ನೂ ಹಾಕಬೇಡಿ. ಒಂದು ಕಾಂಡ ಕಿತ್ತು ಬಿಳಿಯ ತಟ್ಟೆಯಲ್ಲಿಟ್ಟು, ಹಳದಿ ಕೆಳಗಿನ ಎಲೆಯಲ್ಲಿದೆಯೋ ಚಿಗುರಿನಲ್ಲಿದೆಯೋ ನೋಡಿ. ಒಂದು ಲೋಟ ನಲ್ಲಿ ನೀರು ಹಿಡಿದು ಗಡಸುತನ ಅಳೆಯಿರಿ. ಆಮೇಲೆ ಕೆಳಗೆ ಹೋಗಿ, ಕಟ್ಟಡಕ್ಕೆ ಸಾಫ್ಟ್‌ನರ್ ಇದೆಯೇ ಎಂದು ನೀರು ಬಿಡುವವರನ್ನು ಕೇಳಿ.